ತಲೆಗೂ ನೀರು ಕುಡಿದ ಚಾಣ

ಅವನು ಮಾಡಿದ ಚಾಣ ಕಲ್ಲನ್ನು ಕಚ್ಚುತ್ತಿತ್ತೇ ಹೊರತು ತಾನು ಮಣಿಯುತ್ತಿರಲಿಲ್ಲ. ಅದಕ್ಕೇ ಕಲ್ಲು ಕೆಲಸದವರು ಅವನನ್ನು ಗಟ್ಟಿ ಮೇಸ್ತ್ರಿ ಎಂದು ಕರೆದರು. ಮೊದಮೊದಲು ಅದು ಹೊಗಳಿಕೆ. ಬರಬರುತ್ತ ಅದೇ ಹೆಸರನ್ನು ಜನ ಬೇರೆ ದನಿಯಲ್ಲಿ ಹೇಳತೊಡಗಿದರು. ಆ ದನಿ ಅವನಿಗೆ ಕೇಳಿಸುತ್ತಿತ್ತು. ಕೇಳಿಸದವನ ಹಾಗೆ ಸುತ್ತಿಗೆ ಬೀಸುತ್ತಿದ್ದ.

ಕುಲುಮೆ ಇದ್ದದ್ದು ಚರ್ಚಿನ ಬೀದಿಯ ತುದಿಯಲ್ಲಿ. ತಗಡಿನ ಮಾಡು, ಮಸಿ ಹಿಡಿದ ಮೂರು ಗೋಡೆ, ನಾಲ್ಕನೆಯ ಕಡೆ ಬೀದಿಗೇ ಬಯಲು. ನಡುವೆ ಮರದ ದಿಮ್ಮಿಯ ಮೇಲೆ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲು, ಎಡಕ್ಕೆ ಬೆಂಕಿ, ಬಲಕ್ಕೆ ನೀರಿನ ಕಲ್ಲುತೊಟ್ಟಿ. ಅಪ್ಪ ಬಿಟ್ಟುಹೋದ ಜಾಗ, ಅಪ್ಪ ಬಿಟ್ಟುಹೋದ ವಿದ್ಯೆ. ಮೇಸ್ತ್ರಿ ಇಕ್ಕಳದಲ್ಲಿ ಕೆಂಪು ಕಬ್ಬಿಣ ಹಿಡಿದು ಚಿಕ್ಕ ಸುತ್ತಿಗೆಯಿಂದ ಎಲ್ಲಿ ತಟ್ಟುತ್ತಿದ್ದನೋ ಅಲ್ಲೇ ತಮ್ಮನ ದೊಡ್ಡ ಸುತ್ತಿಗೆ ಬೀಳುತ್ತಿತ್ತು. ಟಿಣ್ ಎಂದರೆ ಧಣ್. ಇಬ್ಬರ ನಡುವೆ ಮಾತೇ ಬೇಕಿರಲಿಲ್ಲ.

ಅಪ್ಪ ಇಬ್ಬರಿಗೂ ಕಿವಿ ಹಿಂಡಿ ಕಲಿಸಿದ ಪಾಠ ಒಂದಿತ್ತು. ಕಲ್ಲು ಕಡಿಯುವ ಚಾಣವನ್ನು ಕೆಂಪಗೆ ಕಾಯಿಸಿ ನೀರಿಗೆ ಹಿಡಿದರೆ ಅದು ಗಟ್ಟಿಯಾಗುತ್ತದೆ. ಗಟ್ಟಿಯಾಗಬೇಕಾದದ್ದು ಮಾತ್ರ ಕಲ್ಲನ್ನು ಕಚ್ಚುವ ಬಾಯಿ, ಎರಡು ಬೆರಳಿನಷ್ಟು. ಸುತ್ತಿಗೆಯ ಏಟು ತಿನ್ನುವ ತಲೆ ಮೆತ್ತಗೇ ಇರಬೇಕು. ಮೆತ್ತಗಿನ ತಲೆ ಏಟಿಗೆ ಅಣಬೆಯ ಹಾಗೆ ಅರಳಿಕೊಳ್ಳುತ್ತದೆ, ಅರಳಿದ್ದನ್ನು ಅರದಲ್ಲಿ ಉಜ್ಜಿದರಾಯಿತು. ಗಟ್ಟಿ ತಲೆ ಅರಳುವುದಿಲ್ಲ. ಒಂದು ದಿನ ಗಾಜಿನಂತೆ ಸಿಡಿಯುತ್ತದೆ.

"ಬಾಯಿಗೆ ನೀರು ಕುಡಿಸ್ರೋ, ತಲೆಗೆ ಕುಡಿಸಬೇಡಿ" ಎನ್ನುತ್ತಿದ್ದ ಅಪ್ಪ. "ತಲೆಗೆ ನೀರು ಹಾಕಿದ್ರೆ ಮನುಷ್ಯನಿಗೆ ತಂಪಾಗುತ್ತೆ, ಚಾಣಕ್ಕೆ ಹುಚ್ಚು ಹಿಡಿಯುತ್ತೆ."

ತಮ್ಮ ಮದುವೆಯಾದ ಮೇಲೆ ಹೆಂಡತಿಯ ಜೊತೆ ಚರ್ಚಿಗೆ ಹೋಗತೊಡಗಿದ. ಅವರ ಬೆನ್ನಿಗೆ ಮೇಸ್ತ್ರಿಯ ಹೆಂಡತಿಯೂ ಹೊರಟಳು. ಮೇಸ್ತ್ರಿ ಬೇಡ ಎನ್ನಲಿಲ್ಲ, ಬರುತ್ತೇನೆ ಎನ್ನಲೂ ಇಲ್ಲ. ಕೆಲಸದ ನಡುವೆ ಯೇಸುಸ್ವಾಮಿಯ ಮಾತೊಂದನ್ನು ತಮ್ಮ ಹೇಳಿದರೆ "ಅದನ್ನ ಸುತ್ತಿಗೆಗೆ ಹೇಳು, ನೆಟ್ಟಗೆ ಬೀಳಲಿ" ಎನ್ನುತ್ತಿದ್ದ. ತಮ್ಮ ನಗುತ್ತಿದ್ದ. ಅಲ್ಲಿಯವರೆಗೂ ಎಲ್ಲ ತಮಾಷೆಯೇ.

ಒಂದು ದಿನ ಕಲ್ಲು ಕಡಿಯುವವನೊಬ್ಬ ಬಂದು, ಒಲೆಯಲ್ಲಿ ಕಾಯುತ್ತಿದ್ದ ಚಾಣವನ್ನು ನೋಡಿ "ಹೊಸ ಉಕ್ಕಾ ಮೇಸ್ತ್ರಿ?" ಎಂದು ಕೇಳಿದ.

"ಹೊಸದಲ್ದೆ ಹಳೇದಾ? ನಿನ್ನೆ ಹುಟ್ಟಿದ್ದು, ಇನ್ನೂ ಹೆಸರಿಟ್ಟಿಲ್ಲ."

ತಮ್ಮ ದೊಡ್ಡ ಸುತ್ತಿಗೆಯನ್ನು ನೆಲಕ್ಕೂರಿ, ಮೆಲ್ಲಗೇ ಹೇಳಿದ. "ಅಣ್ಣಾ, ಅದು ಹಳೇ ಲಾರಿ ಸ್ಪ್ರಿಂಗಿನ ಪಟ್ಟೆ ಅಲ್ವಾ? ಒಳ್ಳೇ ಉಕ್ಕೇ. ಹಾಗಂತಲೇ ಹೇಳು."

ಬಂದವನು ಹೊಟ್ಟೆ ಹಿಡಿದು ನಕ್ಕ. "ಭೇಷ್! ಕುಲುಮೇಲೇ ಪಾದ್ರಿ ಸಾಕಿದ್ದೀಯಲ್ಲ ಮೇಸ್ತ್ರಿ!"

ಆ ನಗೆ ಬೀದಿಗೆಲ್ಲ ಕೇಳಿಸಿತು. ಮೇಸ್ತ್ರಿ ಒಲೆಗೆ ಇಕ್ಕಳ ಹಾಕಿದ. ಇಕ್ಕಳದಲ್ಲಿದ್ದ ಕೆಂಡದಂಥ ಚಾಣವನ್ನು ಅಡಿಗಲ್ಲಿಗೆ ಇಡಲಿಲ್ಲ, ಬಾಯಿ ಮಾತ್ರ ನೀರಿಗೆ ಹಿಡಿಯಲೂ ಇಲ್ಲ. ಇಡೀ ಚಾಣವನ್ನು ತೊಟ್ಟಿಗೆ ಎಸೆದ. ನೀರು ಬುಸುಗುಟ್ಟಿತು, ಆವಿ ತಮ್ಮನ ಮುಖಕ್ಕೆ ಹೊಡೆಯಿತು. ಕೊನೆಗೆ ತೊಟ್ಟಿಯೊಳಗಿಂದ ಅದನ್ನು ತೆಗೆದು, ಮುಗಿದ ಚಾಣಗಳ ರಾಶಿಗೆ ಬಿಸಾಕಿದ. ತಲೆಯೂ ನೀರು ಕುಡಿದಿದೆ ಎಂದು ಅವನಿಗೆ ಗೊತ್ತಿತ್ತು. ನಾಳೆ ಮತ್ತೆ ಕಾಯಿಸಿ ಬೂದಿಯಲ್ಲಿ ಹೂತಿಟ್ಟರೆ ತಲೆ ಮೆತ್ತಗಾಗುತ್ತದೆ ಎಂಬುದೂ ಗೊತ್ತಿತ್ತು. ನಾಳೆ ಎಂದುಕೊಂಡ.

ಮರುದಿನ ಅಣ್ಣ ತಮ್ಮ ಮಾತು ಬಿಟ್ಟಿದ್ದರು. ಚರ್ಚಿಗೆ ಹೊಸ ಬಾಗಿಲು ಕೂರಿಸುತ್ತಿದ್ದರು, ಹೊಸ್ತಿಲ ಕಲ್ಲಿನಲ್ಲಿ ಬಾಗಿಲಿನ ಗೂಟಕ್ಕೆ ಗುಳಿ ಕಡಿಯಬೇಕಿತ್ತು. ನಾನು ಕಡಿದುಕೊಡುತ್ತೇನೆ ಎಂದು ತಮ್ಮ ಮೊದಲೇ ಒಪ್ಪಿಕೊಂಡಿದ್ದ. ಅವನು ಬಗ್ಗಿ ರಾಶಿಯಿಂದ ಒಂದು ಚಾಣ ಎತ್ತಿಕೊಂಡ. ಮೇಸ್ತ್ರಿ ಅದನ್ನು ಓರೆಗಣ್ಣಲ್ಲಿ ಕಂಡ. ನಿನ್ನೆಯದೇ ಇರಬಹುದು, ಇರಲಿಕ್ಕಿಲ್ಲ. 'ಅದು ಬೇಡ, ಬೇರೆ ತಗೋ' ಎಂದರೆ ಮುಗಿಯುತ್ತಿತ್ತು. ನಾಲ್ಕು ಮಾತು. ಆದರೆ ಮೊದಲು ಬಾಯಿ ಬಿಟ್ಟವನು ಸೋತ ಹಾಗೆ. ಮೇಸ್ತ್ರಿ ಬಾಯಿ ಬಿಡಲಿಲ್ಲ.

ಅರ್ಧ ಗಂಟೆಯಲ್ಲಿ ಬೀದಿಯ ಆ ಕಡೆಯಿಂದ ಕೂಗು ಕೇಳಿಸಿತು. ಓಡಿದ. ತಮ್ಮ ಹೊಸ್ತಿಲ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ, ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು, ಬೆರಳ ಸಂದಿನಲ್ಲಿ ರಕ್ತ. ಚಾಣ ಪಕ್ಕದಲ್ಲಿ ಬಿದ್ದಿತ್ತು. ಅದರ ತಲೆಯ ಅಂಚು ಒಂದು ಉಗುರಿನಷ್ಟು ಹಾರಿಹೋಗಿತ್ತು, ಒಡೆದ ಜಾಗ ಸಕ್ಕರೆಯ ಹರಳಿನಂತೆ ಹೊಳೆಯುತ್ತಿತ್ತು. ಮಣಿಯಲಾರದ ಕಬ್ಬಿಣ ಒಡೆದರೆ ಹಾಗೆ ಹೊಳೆಯುತ್ತದೆ, ಯಾವ ಕಮ್ಮಾರನಿಗೂ ಬಿಡಿಸಿ ಹೇಳಬೇಕಿಲ್ಲ. ಮೇಸ್ತ್ರಿ ಅದರ ಮೇಲೆ ಕಾಲಿಟ್ಟ. ಕಾಲಿಟ್ಟುಕೊಂಡೇ, ನೆರೆದವರಿಗೆಲ್ಲ ಕೇಳುವ ಹಾಗೆ ಹೇಳಿದ.

"ಏಟು ಓರೆ ಬಿತ್ತು! ಸುತ್ತಿಗೆ ಅಂಚು ತಾಗಿ ಚೂರು ಹಾರಿದೆ. ಎಷ್ಟು ಸಲ ಹೇಳಿದ್ದೆ, ಕೈ ನೆಟ್ಟಗಿಟ್ಕೋ ಅಂತ!"

ಜನ ತಮ್ಮನನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದ ಮೇಲೆ ಅವನು ಬಗ್ಗಿ ಚಾಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ತಮ್ಮ ಆಮೇಲೆ ಹಾಸಿಗೆಯಿಂದಲೇ "ಚಾಣ ಎಲ್ಲಿ ಅಣ್ಣಾ?" ಎಂದು ಕೇಳಿದಾಗ "ಗದ್ದಲದಲ್ಲಿ ಯಾರೋ ಒಯ್ದಿದ್ದಾರೆ" ಎಂದ. ಗಾಯವಾದ ಕಣ್ಣು ಮೊದಲು ಹೋಯಿತು. ಮೂರು ತಿಂಗಳಲ್ಲಿ, ಜೊತೆಯದು ಹೋಯಿತಲ್ಲ ಎಂಬ ದುಃಖಕ್ಕೋ ಎಂಬಂತೆ, ಇನ್ನೊಂದೂ ಹೋಯಿತು. ಹಾಗಾಗುವುದುಂಟು ಎಂದರು ಡಾಕ್ಟರು.

ಚರ್ಚಿನ ಜನ ಸೇರಿ ಕಣ್ಣೀರು ಹಾಕಿದರು, ಪ್ರಾರ್ಥಿಸಿದರು, ಕೊನೆಗೆ 'ದೇವರ ಚಿತ್ತ' ಎಂದು ಕೈ ತೊಳೆದುಕೊಂಡರು. ಈ ಲೋಕದಲ್ಲಿ ದೇವರಷ್ಟು ಸುಳ್ಳು ಆಪಾದನೆ ಹೊತ್ತವರು ಬೇರೆ ಯಾರೂ ಇಲ್ಲ. ಕುಡಿದು ಗಾಡಿ ಓಡಿಸಿದವನು, ಕಳಪೆ ಗೋಡೆ ಕಟ್ಟಿದವನು, ಕೋಪಕ್ಕೆ ಕಬ್ಬಿಣ ಕೆಡಿಸಿದವನು, ಎಲ್ಲರ ಪಾಲಿನದನ್ನೂ ಅವನ ತಲೆಗೆ ಕಟ್ಟಿ, ಅದಕ್ಕೆ ಭಕ್ತಿ ಎಂದು ಹೆಸರಿಟ್ಟು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಾಡಲು ನಿಲ್ಲುತ್ತೇವೆ. ಆ ಚಾಣ ಎಲ್ಲಿ ಹೋಯಿತು ಎಂದು ಆ ಸಭೆಯಲ್ಲಿ ಒಬ್ಬನೂ ಕೇಳಲಿಲ್ಲ. ಅರ್ಧ ಕಡಿದ ಗುಳಿ ಹೊಸ್ತಿಲಲ್ಲಿ ಹಾಗೇ ಉಳಿಯಿತು. ಬಾಗಿಲಿಗೆ ಬೇರೆ ಕಡೆ ಗುಳಿ ಕಡಿಸಿದರು. ಇಪ್ಪತ್ತೆರಡು ವರ್ಷ ಎಲ್ಲರೂ ಅದನ್ನು ದಾಟಿಯೇ ಒಳಗೆ ಹೋದರು.

ಮೇಸ್ತ್ರಿ ಚಾಣವನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅಡಿಗಲ್ಲಿನ ದಿಮ್ಮಿಯ ಕೆಳಗೆ ಹೂತಿದ್ದ. ಎಸೆಯಬಹುದಿತ್ತು, ಕರಗಿಸಬಹುದಿತ್ತು. ಎರಡಕ್ಕೂ ಕೈ ಬರಲಿಲ್ಲ. ಆಮೇಲಿನ ಇಪ್ಪತ್ತೆರಡು ವರ್ಷ ಅವನು ಹೊಡೆದ ಒಂದೊಂದು ಏಟೂ ಅದರ ಮೇಲೆಯೇ ಬಿತ್ತು.

ಬೆತ್ತದ ಕುರ್ಚಿ ಹೆಣೆಯುವುದನ್ನು ತಮ್ಮ ಕಲಿತ. ಹೆಂಡತಿ ತೀರಿಕೊಂಡ ಮೇಲೆ ಮಗಳೇ ಅವನಿಗೆ ಆಸರೆ. ಅವಳು ದೊಡ್ಡವಳಾಗಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಮನೆಯ ಕತ್ತರಿ, ಈಳಿಗೆ ಮೊಂಡಾದರೆ ಕುಲುಮೆಗೆ ತರುತ್ತಿದ್ದಳು. "ದೊಡ್ಡಪ್ಪ, ಅಪ್ಪ ಕೇಳಿದ್ರು, ಚೆನ್ನಾಗಿದ್ದೀರಾ ಅಂತ" ಎನ್ನುವಳು. "ಹೂಂ" ಎನ್ನುವನು. ಅವಳ ಕಣ್ಣು ತಮ್ಮನ ಕಣ್ಣಿನಂತೆಯೇ ಇದ್ದವು. ಮೇಸ್ತ್ರಿ ಈಳಿಗೆಯನ್ನೇ ನೋಡುತ್ತಿದ್ದ.

ಭಾನುವಾರ ಹೆಂಡತಿಯನ್ನು ಚರ್ಚಿನ ಗೇಟಿನವರೆಗೆ ಬಿಟ್ಟು ಬೀದಿಯ ಮೋರಿ ಕಟ್ಟೆಯ ಮೇಲೆ ಕೂರುವುದು ಅವನ ರೂಢಿ. ಹಾಡು ಕೇಳಿಸಿದರೆ ಬೀಡಿ ಹಚ್ಚುವನು. ಅಯ್ಯನವರು, ಎಂದರೆ ಆ ಚರ್ಚಿನ ಪಾದ್ರಿ, ಆಗಾಗ ಕುಲುಮೆಗೇ ಬಂದು "ಮೇಸ್ತ್ರಿ, ಒಂದು ಮಾತು" ಎನ್ನುತ್ತಿದ್ದರು.

"ಹೇಳಿ ಅಯ್ಯನವರೇ. ಕಬ್ಬಿಣ ಆರಿಹೋಗುತ್ತೆ, ಹೊಡೀತಾನೇ ಕೇಳ್ತೀನಿ."

ಹೊಡೆತದ ಸದ್ದಿನಲ್ಲಿ ಅಯ್ಯನವರ ತುಟಿ ಮಾತ್ರ ಅಲ್ಲಾಡುವುದು ಕಾಣುತ್ತಿತ್ತು. ಪಾಪ, ಅವರೂ ಒಂದು ಗಳಿಗೆ ನಿಂತು, ಬೆವರು ಒರೆಸಿಕೊಂಡು ಹೋಗುತ್ತಿದ್ದರು.

ಹಾಗೇ ಕಾಲ ಕಳೆದುಹೋಗುತ್ತಿತ್ತೇನೋ. ಅಷ್ಟರಲ್ಲಿ ಹೆಂಡತಿಯ ಕಣ್ಣು ಮಂಜಾಯಿತು. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಯನ್ನೇ ತಿಂದುಹಾಕಿದೆ ಎಂದು ಡಾಕ್ಟರು ಕೈಚೆಲ್ಲಿದರು. ಅವಳಿಗೆ ಒಲೆ, ಬಾಗಿಲು, ಗಂಡನ ಗಾತ್ರ ಇಷ್ಟು ಕಾಣುತ್ತಿತ್ತು. ಅಕ್ಷರ ಕಾಣುತ್ತಿರಲಿಲ್ಲ. ದಿನಕ್ಕೊಂದು ಪುಟ ಬೈಬಲಿನ ವಾಕ್ಯ ಓದದೆ ಅವಳು ಮೂವತ್ತು ವರ್ಷದಲ್ಲಿ ಮಲಗಿದ್ದೇ ಇಲ್ಲ.

"ರೀ, ಊಟ ಆದ್ಮೇಲೆ ಒಂದು ಪುಟ ಓದಿ" ಎಂದಳು ಒಂದು ಮಧ್ಯಾಹ್ನ.

"ನಾನಾ? ನಂಗೆ ಕಬ್ಬಿಣ ಓದೋಕೆ ಬರುತ್ತೆ ಅಷ್ಟೆ."

"ಕಬ್ಬಿಣಕ್ಕಿಂತ ಇದು ಮೆತ್ತಗಿದೆ. ಓದಿ."

ಅವಳು ಹೆಚ್ಚಾಗಿ ಏನನ್ನೂ ಕೇಳಿದವಳಲ್ಲ. ಮೇಸ್ತ್ರಿ ಅವಳ ಕನ್ನಡಕವನ್ನೇ ಮೂಗಿಗೇರಿಸಿ ಓದಿದ, ಹರಾಜು ಕೂಗುವವನ ಹಾಗೆ, ಒಂದೇ ಉಸಿರಿಗೆ, ಬೇಗ ಮುಗಿದರೆ ಸಾಕು ಎಂಬಂತೆ. ಇಪ್ಪತ್ತೆರಡು ವರ್ಷ ಇನ್ನೊಬ್ಬರ ಬಾಯಿಂದ ಕೇಳದೆ ತಪ್ಪಿಸಿಕೊಂಡ ಮಾತು ಈಗ ಅವನ ಬಾಯಿಂದಲೇ ಹೊರಡುತ್ತಿತ್ತು. ತನ್ನ ದನಿಯನ್ನು ಮುಚ್ಚುವಷ್ಟು ದೊಡ್ಡ ಸುತ್ತಿಗೆ ಅವನ ಹತ್ತಿರ ಇರಲಿಲ್ಲ.

ಮೊದಮೊದಲು ನಡುವೆ ಕೊಂಕು ತೆಗೆಯುತ್ತಿದ್ದ. ಬಿತ್ತುವವನ ಕಥೆ ಬಂದ ದಿನ ಕನ್ನಡಕ ಮೇಲಕ್ಕೆ ತಳ್ಳಿ "ಇವನೆಂಥ ಬೇಸಾಯಗಾರನೇ? ಕಲ್ಲಿನ ಮೇಲೂ ಬೀಜ ಚೆಲ್ತಾನಂತೆ" ಎಂದ.

"ಕಲ್ಲಿಗೂ ಒಂದು ಅವಕಾಶ ಇರ್ಲಿ ಅಂತ" ಎಂದಳು ಅವಳು.

ಮೇಸ್ತ್ರಿ ನಗಬೇಕೆಂದಿದ್ದ. ನಗು ಬರಲಿಲ್ಲ. ಆ ದಿನದಿಂದ ಓದು ತಾನಾಗಿಯೇ ನಿಧಾನವಾಯಿತು. ಯಾವುದೋ ಸಾಲಿನಲ್ಲಿ ನಿಂತುಬಿಡುವನು, ಕುಲುಮೆಯಲ್ಲಿ ಚಾಣ ಕಾಯುವಾಗ ಅದರ ಬಣ್ಣ ನೋಡುತ್ತ ನಿಲ್ಲುವ ಹಾಗೆ. ಅವಳು ಅವಸರ ಮಾಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಹೇಳಿದ ಕಡೆ ತೆರೆದ. ಕಾಣಿಕೆ ಹಿಡಿದು ದೇವರ ಮುಂದೆ ಬಂದವನ ವಿಷಯ ಯೇಸುಸ್ವಾಮಿ ಹೇಳುವ ಭಾಗ ಅದು. ಒಡಹುಟ್ಟಿದವನ ಮನಸ್ಸಿನಲ್ಲಿ ನಿನ್ನ ಮೇಲೆ ನೋವಿದೆ ಎಂಬುದು ಅಲ್ಲಿ ನೆನಪಾದರೆ, ಕಾಣಿಕೆಯನ್ನು ಇದ್ದಲ್ಲೇ ಇಟ್ಟು ಮೊದಲು ಅವನ ಹತ್ತಿರ ಹೋಗು, ಅದನ್ನು ಸರಿಮಾಡಿಕೊಂಡು ಬಾ, ಕಾಣಿಕೆ ಆಮೇಲೆ. ಮೇಸ್ತ್ರಿಯ ಕಣ್ಣು ಆ ಸಾಲಿಗೆ ಬಾಯಿಗಿಂತ ಮೊದಲೇ ತಲುಪಿತು. ಬಾಯಿ ನಿಂತಿತು. ಕೆಮ್ಮಿದ. ಕೆಳಗಿನ ಸಾಲಿಗೆ ಹಾರಿ ಓದಿಕೊಂಡು ಹೋದ.

"ನಡುವೆ ಬಿಟ್ರಿ" ಎಂದಳು ಹೆಂಡತಿ.

"ಏನು ಬಿಟ್ಟೆ?"

"ಎರಡು ವಾಕ್ಯ."

"ಕಾಣ್ಲಿಲ್ಲ."

"ಕಾಣದೋಳು ನಾನು ಕಣ್ರೀ."

ಅವನು ಪುಸ್ತಕ ಮುಚ್ಚಿ ಎದ್ದ. "ನಿಂಗೆ ಬಾಯಿಪಾಠ ಇದ್ರೆ ನನ್ನ ಯಾಕೆ ಗೋಳು ಹೊಯ್ಕೊತೀಯ?"

ಅವಳು ಮಡಿಲಲ್ಲಿದ್ದ ಕೈಯನ್ನು ಒಂದರ ಮೇಲೊಂದು ಇಟ್ಟುಕೊಂಡಳು. "ದಿಮ್ಮಿ ಕೆಳಗೆ ಇರುವೆ ಗೂಡು ಕಟ್ಟಿತ್ತಲ್ಲ, ಹತ್ತು ವರ್ಷದ ಹಿಂದೆ. ತೆಗೀತಾ ಸಿಕ್ತು. ಎಣ್ಣೆ ಬಟ್ಟೆ ಬಿಚ್ಚಿ ನೋಡ್ದೆ. ನಾನೂ ಕಮ್ಮಾರನ ಹೆಂಡ್ತಿ. ತಲೆ ಒಡೆದ ಚಾಣ ಯಾಕೆ ಒಡೀತು ಅಂತ ನಂಗೂ ಗೊತ್ತಾಗುತ್ತೆ. ಮತ್ತೆ ಸುತ್ತಿ ಅಲ್ಲೇ ಇಟ್ಟೆ."

ಹತ್ತು ವರ್ಷ ಈ ಹೆಂಗಸು ಅವನಿಗೆ ಬಡಿಸಿದ್ದಳು, ಅವನ ಸುಟ್ಟ ಕೈಗೆ ಎಣ್ಣೆ ಹಚ್ಚಿದ್ದಳು, ಪಕ್ಕದಲ್ಲಿ ಮಲಗಿದ್ದಳು, ಎಲ್ಲ ಗೊತ್ತಿದ್ದೂ.

"ಯಾಕೆ ಹೇಳ್ಲಿಲ್ಲ?"

"ನೀವಾಗೇ ಹೇಳ್ಲಿ ಅಂತ ಕಾದೆ. ಅದೂ ತಪ್ಪೇ. ಅವನು ಅಲ್ಲಿ ಕತ್ತಲೇಲಿ ಕೂತಿರೋವಾಗ ನಾನು ಇಲ್ಲಿ ಕಾಯೋದು ಅಂದ್ರೇನು?" ಅವಳು ಪುಸ್ತಕವನ್ನು ತಡವಿ ಹತ್ತಿರಕ್ಕೆಳೆದುಕೊಂಡಳು. "ಹೋಗಿ ಬನ್ನಿ ರೀ. ಇನ್ನೂ ಎಷ್ಟು ಅಂತ ಅದರ ಮೇಲೇ ಹೊಡೀತೀರಿ?"

ಆ ಸಂಜೆ ಅವನು ದಿಮ್ಮಿ ಸರಿಸಿದ.

ತಮ್ಮ ತನ್ನ ಮನೆಯ ಜಗುಲಿಯಲ್ಲಿ ಕುರ್ಚಿಯೊಂದನ್ನು ತೊಡೆಗಾನಿಸಿಕೊಂಡು ಬೆತ್ತ ಎಳೆಯುತ್ತಿದ್ದ. ಹೆಜ್ಜೆ ಸದ್ದಿಗೇ ಮುಖ ಎತ್ತಿದ. "ಅಣ್ಣ! ಬಾ ಬಾ. ಮಗಳೇ, ದೊಡ್ಡಪ್ಪ ಬಂದಿದ್ದಾರೆ, ನೀರು ತಾರಮ್ಮ." ಆ ದನಿಯಲ್ಲಿ ಎಷ್ಟು ಸಂತೋಷವಿತ್ತೆಂದರೆ ಮೇಸ್ತ್ರಿಗೆ ಅಲ್ಲಿಂದಲೇ ಓಡಬೇಕೆನಿಸಿತು. ಓಡಲಿಲ್ಲ. ಎಣ್ಣೆ ಬಟ್ಟೆಯ ಸುತ್ತು ಬಿಚ್ಚಿ ಚಾಣವನ್ನು ತಮ್ಮನ ಕೈಗಿಟ್ಟ.

ತಮ್ಮನ ಬೆರಳು ಅದರ ಬಾಯಿಯಿಂದ ತಲೆಯವರೆಗೆ ಹರಿದವು. ಹೆಬ್ಬೆರಳು ಒಡೆದ ಅಂಚಿನ ಮೇಲೆ ನಿಂತಿತು. ಉಗುರಿನಿಂದ ಗೀರಿ ನೋಡಿದ. ಬೆತ್ತ ಜಾರಿ ನೆಲಕ್ಕೆ ಬಿತ್ತು.

"ತಲೆಗೂ ನೀರು ಕುಡ್ಸಿದ್ದೆ" ಎಂದ ಮೇಸ್ತ್ರಿ. "ಆವತ್ತು, ಆ ಕಲ್ಲು ಕಡಿಯೋನು ನಕ್ಕಾಗ. ಮರುದಿನ ನೀನು ಎತ್ಕೊಂಡಾಗ ನೋಡ್ದೆ. ಹೇಳ್ಲಿಲ್ಲ."

ತಮ್ಮ ಇನ್ನೊಮ್ಮೆ ಆ ಅಂಚನ್ನು ತಡವಿದ. 'ನಂಗೆ ಮೊದಲೇ ಗೊತ್ತಿತ್ತು ಬಿಡಣ್ಣ' ಎನ್ನುತ್ತಾನೆ ಎಂಬ ಆಸೆ ಮೇಸ್ತ್ರಿಯ ಮನಸ್ಸಿನ ಮೂಲೆಯಲ್ಲಿತ್ತು. ಹಾಗೆನ್ನುವಷ್ಟು ಒಳ್ಳೆಯವನು ತಮ್ಮ ಎಂದು ಅವನು ಲೆಕ್ಕ ಹಾಕಿದ್ದ. ಆದರೆ ತಮ್ಮನಿಗೆ ಗೊತ್ತಿರಲಿಲ್ಲ.

"ನನ್ನ ಕೈ ಅಂದ್ಕೊಂಡಿದ್ದೆ" ಎಂದ ತಮ್ಮ. "ಏಟು ಓರೆ ಬಿತ್ತು ಅಂದೆ ನೀನು. ನಂಬ್ದೆ. ನಾಲ್ಕು ಜನರ ಮುಂದೆ ಅಣ್ಣನಿಗೆ ಎದುರಾಡಿದ್ದಕ್ಕೆ ದೇವರೇ ಕೈ ತಪ್ಪಿಸಿದ ಅಂತ ನಂಬ್ದೆ. ಇಪ್ಪತ್ತೆರಡು ವರ್ಷ ಪ್ರಾರ್ಥನೇಲಿ ಕ್ಷಮೆ ಕೇಳಿದ್ದೀನಿ ಅಣ್ಣ. ನಿಜ ಹೇಳಿದ್ದಕ್ಕೆ! ಈ ಮಗಳಿಗೂ ಅದನ್ನೇ ಕಲ್ಸಿದೆ, ದೊಡ್ಡೋರು ತಪ್ಪಿದ್ರೂ ಬಾಯಿ ಬಿಡ್ಬೇಡಮ್ಮ ಅಂತ. ಕಣ್ಣು ಹೋಗಿದ್ದು ಹೋಗ್ಲಿ. ಒಳಗಿನದೂ ಕಿತ್ಕೊಂಡ್ಯಲ್ಲೋ!"

ಮೇಸ್ತ್ರಿ ಅವನ ಕಾಲ ಬಳಿ ಕುಸಿದು ಕೂತ. ತಮ್ಮ ಕಾಲು ಹಿಂದಕ್ಕೆಳೆದುಕೊಂಡ.

"ಸುಳ್ಳನ್ನ ಬೀದಿಗೆಲ್ಲ ಕೇಳೋ ಹಾಗೆ ಹೇಳ್ದೆ. ನಿಜ ಮಾತ್ರ ನನ್ನ ಕಿವೀಲಿ ಹೇಳ್ತೀಯಾ? ಅಲ್ಲಿ ಹೋಗಿ ಹೇಳು. ಅದೇ ಹೊಸ್ತಿಲ ಮೇಲೆ. ಇದನ್ನ ತಗೊಂಡು ಈಗ ಎದ್ದು ಹೋಗು."

ಬಾಗಿಲಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದ ಹುಡುಗಿ ದೊಡ್ಡಪ್ಪನಿಗೆ ದಾರಿ ಬಿಟ್ಟಳು. ನೀರು ಕೊಡಲಿಲ್ಲ.

ಮನೆಗೆ ಬಂದು ಎಲ್ಲವನ್ನೂ ಹೆಂಡತಿಗೆ ಹೇಳಿದ. "ಅವನು ಕೇಳಿದ್ದು ನ್ಯಾಯ" ಎಂದಳು ಅವಳು. "ಈ ಭಾನುವಾರವೇ ಹೇಳಿಬಿಡಿ. ನಾನೂ ಪಕ್ಕದಲ್ಲಿ ನಿಂತಿರ್ತೀನಿ."

ಆ ಭಾನುವಾರ ಅವನಿಗೆ ತಲೆನೋವು ಬಂತು. ಮುಂದಿನ ಭಾನುವಾರ ತುರ್ತು ಕೆಲಸ. ಮೂರನೆಯ ಭಾನುವಾರ ಗೇಟಿನವರೆಗೆ ಹೋದ, ಕಟ್ಟೆಯ ಮೇಲೆ ಕೂತ. ಮನಸ್ಸು ಕರಗಿತ್ತು, ಮಾನ ಕರಗಿರಲಿಲ್ಲ. ಕಣ್ಣೀರು ಹಾಕುವುದು ಸುಲಭ, ನೂರು ಜನರ ಮುಂದೆ ನಾನು ಸುಳ್ಳ ಎನ್ನುವುದು ಕಷ್ಟ. ನಮ್ಮಲ್ಲಿ ಎಷ್ಟೋ ಭಕ್ತಿ ಈ ಎರಡರ ನಡುವಿನ ಸಂದಿನಲ್ಲೇ ಜೀವನ ಕಳೆದುಬಿಡುತ್ತದೆ.

ನಾಲ್ಕನೆಯ ವಾರ ಹೆಂಡತಿಗೆ ಜ್ವರ ಬಂತು. ಜ್ವರ ಎದೆಗಿಳಿಯಿತು. ಆಸ್ಪತ್ರೆಯ ಉದ್ದನೆಯ ಕೋಣೆ, ಹನ್ನೆರಡು ಮಂಚ, ಕಿಟಕಿಯ ಪಕ್ಕದ್ದು ಅವಳದು. ಶುಕ್ರವಾರ ಮಧ್ಯಾಹ್ನ ಅವಳು ಬೆರಳಿನಲ್ಲೇ ಪುಸ್ತಕ ತೋರಿಸಿದಳು. ಅವನು ಅದೇ ಪುಟ ತೆರೆದ, ಯಾರೂ ಹೇಳದೆ. ಒಂದಕ್ಷರ ಬಿಡದೆ ಓದಿದ. ಮುಗಿಸಿ, ಮತ್ತೆ ಮೊದಲಿಂದ ಓದಿದ. ಅವಳು ಕಣ್ಣು ಮುಚ್ಚಿಕೊಂಡೇ "ಈ ಸಲ ಬಿಡ್ಲಿಲ್ಲ" ಎಂದಳು.

"ನಾಡಿದ್ದು ಹೇಳ್ತೀನಿ ಕಣೇ. ನೀನು ಪಕ್ಕದಲ್ಲಿ ನಿಂತ್ಕೋಬೇಕು."

"ಹೂಂ" ಎಂದಳು.

ಶನಿವಾರ ಬೆಳಗ್ಗೆ ಅವಳು ಇರಲಿಲ್ಲ.

ಮಣ್ಣು ಮಾಡುವಾಗ ತಮ್ಮನೂ ಮಗಳ ಕೈ ಹಿಡಿದು ಬಂದಿದ್ದ. ಗುಂಡಿಯ ಆಚೆ ಬದಿಯಲ್ಲಿ ನಿಂತು "ಅತ್ತಿಗೇ" ಎಂದು ಒಂದೇ ಒಂದು ಸಲ ಕರೆದು, ಹಿಡಿ ಮಣ್ಣು ಹಾಕಿದ. ಮಣ್ಣು ಎಲ್ಲಿ ಬಿತ್ತೆಂದು ಅವನಿಗೆ ಕಾಣಲಿಲ್ಲ. ಅಣ್ಣ ಎಲ್ಲಿದ್ದಾನೆಂದು ಕೇಳಲಿಲ್ಲ.

ಮರುದಿನ ಭಾನುವಾರ. ಹಾಡು ಮುಗಿದು ದೇವರ ಉಪಕಾರಕ್ಕೆ ಸಾಕ್ಷಿ ಹೇಳುವವರು ಎದ್ದು ನಿಲ್ಲುವ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಜನ ತಿರುಗಿ ನೋಡಿದರು. ಗಟ್ಟಿ ಮೇಸ್ತ್ರಿ ಬರಿಗಾಲಲ್ಲಿ ಹೊಸ್ತಿಲ ಮೇಲೆ, ಅರ್ಧ ಕಡಿದ ಗುಳಿಯ ಪಕ್ಕ ನಿಂತಿದ್ದ. ಕೈಯಲ್ಲಿ ಚಾಣ.

"ಒಳಗೆ ಬನ್ನಿ ಮೇಸ್ತ್ರಿ, ಬನ್ನಿ" ಎಂದರು ಅಯ್ಯನವರು. ಅವರಿಗೆ ಸಂತೋಷವೇ ಆಗಿತ್ತು. ಹೆಂಡತಿಯ ಸಾವು ಇವನನ್ನು ಕರೆತಂತು ಎಂದುಕೊಂಡಿರಬೇಕು.

"ಇಲ್ಲೇ ನಿಂತು ಹೇಳೋದಿದೆ" ಎಂದ ಮೇಸ್ತ್ರಿ. "ಇಪ್ಪತ್ತೆರಡು ವರ್ಷದ ಹಿಂದೆ ಇಲ್ಲೇ ನಿಂತು, ನನ್ನ ತಮ್ಮನ ಏಟು ಓರೆ ಬಿತ್ತು ಅಂತ ಹೇಳ್ದೆ. ಸುಳ್ಳು. ಅವನ ಏಟು ನೆಟ್ಟಗೇ ಬಿತ್ತು. ಅವನ ಏಟು ಯಾವತ್ತೂ ಓರೆ ಬಿದ್ದಿಲ್ಲ. ಚಾಣ ಕೆಡಿಸಿದ್ದು ನಾನು, ಕೋಪಕ್ಕೆ. ಇದೇ ಅದು. ಕೆಟ್ಟಿದೆ ಅಂತ ಗೊತ್ತಿತ್ತು. ಹೇಳ್ಲಿಲ್ಲ."

ಬೆಂಚುಗಳು ಕಿರುಗುಟ್ಟಿದವು. ಯಾರೋ "ಪಾಪ, ದುಃಖಕ್ಕೆ ತಲೆ ಕೆಟ್ಟಿದೆ" ಎಂದರು. ಯಾರೋ ಕೆಮ್ಮಿದರು. ಅಯ್ಯನವರು ಎರಡು ಹೆಜ್ಜೆ ಮುಂದೆ ಬಂದು ದನಿ ತಗ್ಗಿಸಿದರು. "ಮೇಸ್ತ್ರಿ, ನೊಂದಿದ್ದೀರಿ. ಇದನ್ನೆಲ್ಲ ಆಮೇಲೆ ಒಳಗಡೆ ಕೂತು ಮಾತಾಡೋಣ."

"ಸುಳ್ಳು ಹೇಳ್ದಾಗ ಯಾರೂ ಒಳಗಡೆ ಕರೀಲಿಲ್ಲ ಅಯ್ಯನವರೇ."

ಅಯ್ಯನವರು ಅಲ್ಲೇ ನಿಂತರು. ಅವರ ಮುಖ ಕೆಂಪಾಯಿತು. ಮರುಕ್ಷಣ, ಅವರ ಪುಣ್ಯಕ್ಕೆ, ತಲೆ ತಗ್ಗಿಸಿದರು.

"ಇನ್ನೊಂದು ಮಾತು" ಎಂದ ಮೇಸ್ತ್ರಿ. "ಇದು ದೇವರ ಚಿತ್ತ ಅಂದ್ರಿ ನೀವೆಲ್ಲ. ನಂಗೆ ಅನುಕೂಲ ಆಯ್ತು. ದೇವರು ಏನೂ ಮಾಡಿರ್ಲಿಲ್ಲ. ಅದು ನನ್ನ ಕೈ ಕೆಲಸ." ಚಾಣವನ್ನು ಹೊಸ್ತಿಲ ಮೇಲೆ ಇಟ್ಟ. ಒಳಗೆ ಬಾರದೆ, ತಿರುಗಿ ಗೇಟು ದಾಟಿ, ಮೋರಿ ಕಟ್ಟೆಯ ಮೇಲೆ ಹೋಗಿ ಕೂತ. ಮೊದಲು ಹೋಗಿ ಸರಿಮಾಡಿಕೊಂಡು ಬಾ ಎಂದಿತ್ತು ವಾಕ್ಯ. ಸರಿಯಾಗಿರಲಿಲ್ಲ. ಹೇಳುವುದೆಲ್ಲ ಹೇಳಿದ್ದಾಗಿತ್ತು, ಪಕ್ಕದಲ್ಲಿ ನಿಲ್ಲುತ್ತೇನೆ ಎಂದವಳು ಇರಲಿಲ್ಲ. ಮೂರು ಭಾನುವಾರ ತಡ. ಮೂರೇ ಮೂರು. ಅವನು ಬೀಡಿ ಹಚ್ಚಲಿಲ್ಲ. ಮುಖ ಮುಚ್ಚಿಕೊಂಡು ಅತ್ತ, ಬೀದಿಯಲ್ಲಿ ಹೋಗುವವರು ನಿಂತು ನೋಡುವ ಹಾಗೆ.

ಆರಾಧನೆ ಮುಗಿದು ಜನ ಹೊರಬಂದರು. ಹೆಚ್ಚಿನವರು ಆಚೆ ಬದಿಗೆ ಸರಿದು ಹೋದರು. ಎಲ್ಲರಿಗಿಂತ ಕೊನೆಗೆ ಮಗಳ ಕೈ ಹಿಡಿದು ತಮ್ಮ ಬಂದ. ಮಗಳು ಕಟ್ಟೆಯ ಬಳಿ ನಿಂತಳು. ಅವಳ ಇನ್ನೊಂದು ಕೈಯಲ್ಲಿ ಚಾಣವಿತ್ತು.

ತಮ್ಮ ಕಟ್ಟೆ ತಡವಿ ಕೂತ. ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಉಳಿಯಿತು.

"ಕೋಪ ಹೋಗಿಲ್ಲ ಅಣ್ಣ" ಎಂದ. "ಹೋಯ್ತು ಅಂತ ಸುಳ್ಳು ಹೇಳಲ್ಲ. ಸುಳ್ಳು ಸಾಕು."

"ಇರ್ಲಿ" ಎಂದ ಮೇಸ್ತ್ರಿ. "ಇರ್ಲಿ."

"ಕ್ಷಮಿಸ್ಬೇಕು ಅಂತ ನಂಗೂ ಗೊತ್ತು. ಇಷ್ಟು ವರ್ಷ ಬೇರೆಯವರಿಗೆ ಹೇಳಿದ್ದೀನಿ. ಈಗ ಬಾಯಿಗೆ ಬರ್ತಿಲ್ಲ." ತಮ್ಮ ಕೋಲನ್ನು ಮೊಣಕಾಲ ನಡುವೆ ಊರಿಕೊಂಡ. ಆಮೇಲೆ ಕೇಳಿದ. "ಅತ್ತಿಗೆಗೆ ನೀನೇ ಓದಿ ಹೇಳ್ತಿದ್ದೆಯಂತೆ?"

"ಹೂಂ. ಮಧ್ಯಾಹ್ನ."

"ಮಗಳು ಅಂಗಡಿಗೆ ಹೋದ್ರೆ ಮಧ್ಯಾಹ್ನ ನಂಗೆ ಓದೋರಿಲ್ಲ." ಅವನು ಎದ್ದು ನಿಂತ. "ನಾಳೆಯಿಂದ ಬಾ. ಒಂದು ಸಾಲೂ ಬಿಡ್ಬಾರ್ದು."

ಹುಡುಗಿ ಚಾಣವನ್ನು ದೊಡ್ಡಪ್ಪನ ಪಕ್ಕ, ಖಾಲಿ ಉಳಿದಿದ್ದ ಜಾಗದಲ್ಲಿ ಇಟ್ಟು, ಅಪ್ಪನ ಕೈ ಹಿಡಿದಳು.

ಸೋಮವಾರ ಬೆಳಗ್ಗೆ ಮೇಸ್ತ್ರಿ ಆ ಚಾಣವನ್ನು ಬೆಂಕಿಗಿಟ್ಟ. ತಲೆಯಿಂದ ಬಾಯಿಯವರೆಗೆ ಕೆಂಪಾದ ಮೇಲೆ ನೀರ ತೊಟ್ಟಿಯ ಕಡೆ ತಿರುಗಲಿಲ್ಲ, ಬೂದಿಯಲ್ಲಿ ಹೂತ. ಬೂದಿಯಲ್ಲಿ ಹೂತ ಕಬ್ಬಿಣ ಆರಲು ಇಡೀ ದಿನ ಬೇಕು. ಮಧ್ಯಾಹ್ನ ಕೈ ತೊಳೆದು, ಹೆಂಡತಿಯ ಕನ್ನಡಕವನ್ನು ಜೇಬಿಗೆ ಹಾಕಿಕೊಂಡು, ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಹೊರಟ.

ಆಮೇಲೆ ಆರು ವರ್ಷ ಆ ಕುಲುಮೆ ಎರಡರಿಂದ ಮೂರು ಗಂಟೆಯವರೆಗೆ ತಣ್ಣಗಿರುತ್ತಿತ್ತು. ಮುರಿದ ಉಪಕರಣ ಹಿಡಿದು ಬಂದವರು ಬೀದಿಯಲ್ಲಿ ಕಾಯುತ್ತಿದ್ದರು. ಹೊಸಬರು ಯಾರಾದರೂ ಮೇಸ್ತ್ರಿ ಎಲ್ಲಿ ಎಂದರೆ, "ತಮ್ಮನಿಗೆ ಓದೋಕೆ ಹೋಗಿದ್ದಾರೆ, ಕೂತ್ಕೊಳ್ಳಿ" ಎನ್ನುತ್ತಿದ್ದರು. ಕ್ಷಮಿಸಿದೆ ಎಂದು ತಮ್ಮ ಬಾಯಿಬಿಟ್ಟು ಹೇಳಿದ್ದನ್ನು ಯಾರೂ ಕೇಳಿಲ್ಲ. ಆದರೆ ಕಾಣಿಕೆಯ ಆ ಪುಟ ಬಂದಾಗಲೆಲ್ಲ ಬೆತ್ತ ಎಳೆಯುವ ಅವನ ಕೈ ನಿಲ್ಲುತ್ತಿತ್ತು.

"ಇನ್ನೊಂದು ಸಲ ಓದು" ಎನ್ನುತ್ತಿದ್ದ.

ಅಣ್ಣ ಓದುತ್ತಿದ್ದ.